ಸಿಮ್ಲಿಪಾಲಕ್ಕೆ ಬಂದ ಸೊಸೆ

ಪುರಿ, ಕೊನಾರ್ಕ್, ಭುವನೇಶ್ವರ ಮೂರು ದಿನದಲ್ಲಿ ಮುಗಿದವು. ನನ್ನ ತಲೆಯಲ್ಲಿ ಉಳಿದಿರುವುದು ಸಿಮ್ಲಿಪಾಲದ ಒಂದು ಮಧ್ಯಾಹ್ನ ಮಾತ್ರ.

ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಕಾಡು ಅದು. ಕಣ್ಣು ಹಾಯಿಸಿದಷ್ಟೂ ಸಾಲ್ ಮರ. ಬುಕಿಂಗ್ ಮಾಡಿಕೊಟ್ಟವನು 'ಕರಿಹುಲಿ ಗ್ಯಾರಂಟಿ' ಅಂತ ಹೇಳಿ ಜಾಸ್ತಿ ದುಡ್ಡು ಕಿತ್ತುಕೊಂಡಿದ್ದ. ಇನ್ನೂ ಸಿಟ್ಟು ಇಳಿದಿಲ್ಲ. ಹುಲಿಗಳಿರುವುದು ಹೆಚ್ಚಾಗಿ ನಮ್ಮನ್ನು ಬಿಡದ ಒಳಕಾಡಿನಲ್ಲಿ. ಗ್ಯಾರಂಟಿ ಅಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬರೇಹಿಪಾನಿ ಜಲಪಾತವನ್ನು ದೂರದಿಂದ ನೋಡಿದೆವು. ಜೋಗ ಕಂಡ ಕಣ್ಣಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಕೆಂಪಿರುವೆ ಚಟ್ನಿ ಮಾತ್ರ ಬಹಳ ಚೆನ್ನಾಗಿತ್ತು. ನಮ್ಮ ಮಲೆನಾಡಿನ ಚಗಳಿ ಚಟ್ನಿಯದೇ ಹುಳಿ, ಅದೇ ಖಾರ.

ಊಟವಾದ ಮೇಲೆ ನಮ್ಮ ಗೈಡ್ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ವಯಸ್ಸಾದವರು, ಎಲ್ಲರೂ 'ಮೌಸಾ' ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಫೋಟೊದಲ್ಲಿದ್ದದ್ದು ಕರಿಹುಲಿ. ಪಟ್ಟೆಗಳು ದಪ್ಪವಾಗಿ ಒಂದಕ್ಕೊಂದು ಕೂಡಿಕೊಂಡು, ಬೆನ್ನ ಮೇಲೆ ಮಸಿ ಚೆಲ್ಲಿದ ಹಾಗಿತ್ತು.

"ಎಷ್ಟು ಚೆಂದ!" ಅಂದೆ.

"ಚೆಂದವೇ. ಆದರೆ ಅದು ಒಳ್ಳೆಯ ಸುದ್ದಿ ಅಲ್ಲಮ್ಮ," ಅಂದರು ಹಿಂದಿಯಲ್ಲಿ. "ನಮ್ಮ ಜನರಲ್ಲಿ ಒಂದೇ ಬಳಿಯವರು, ಅಂದರೆ ಒಂದೇ ಕುಲದವರು, ಮದುವೆಯಾಗುವುದಿಲ್ಲ. ಹೆಣ್ಣು ಬೇರೆ ಬಳಿಯಿಂದಲೇ ಬರಬೇಕು. ಈ ಹುಲಿಗಳಿಗೆ ಹೆಣ್ಣು ಎಲ್ಲಿಂದ ಬರಬೇಕು?"

ನಾನು ಸುಮ್ಮನಾದೆ. ಈ ಕಪ್ಪು ಬಣ್ಣದ ಮೂಲ ಕಂಡುಹಿಡಿದವರು ನಮ್ಮ ಬೆಂಗಳೂರಿನವರು. ಜಿ.ಕೆ.ವಿ.ಕೆ. ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌.ಸಿ.ಬಿ.ಎಸ್.ನ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದನ್ನು ಪ್ರಕಟಿಸಿತು. ಟಾಕ್‌ಪೆಪ್ ಎಂಬ ಜೀನ್‌ನಲ್ಲಿ ಡಿ.ಎನ್‌.ಎ.ಯ ಒಂದೇ ಒಂದು ಅಕ್ಷರ ಬದಲಾಗಿದೆ. ತಾಯಿ, ತಂದೆ ಇಬ್ಬರಿಂದಲೂ ಅದು ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ಅವರು ಪರೀಕ್ಷಿಸಿದ ಬೇರೆ ಕಾಡುಗಳ ಹುಲಿಗಳಲ್ಲಿ ಆ ಬದಲಾವಣೆ ಸಿಗಲಿಲ್ಲ. ಇಲ್ಲಿ ಮಾತ್ರ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಹುಲಿಗಳು ಕಪ್ಪು. 2023-24ರ ಎಣಿಕೆಯಲ್ಲಿ ಸಿಮ್ಲಿಪಾಲದಲ್ಲಿ ಸಿಕ್ಕ ದೊಡ್ಡ ಹುಲಿಗಳು 27, ಅದರಲ್ಲಿ 13 ಕಪ್ಪು. ಕೆಲವೇ ಹುಲಿಗಳ ಸಂತಾನ, ಹೊರಗಿನ ರಕ್ತ ಸೇರಿಲ್ಲ. ಬಣ್ಣ ಕಣ್ಣಿಗೆ ಕಾಣುತ್ತದೆ. ಇದೇ ದಾರಿಯಲ್ಲಿ ರೋಗ ತಡೆಯುವ ಶಕ್ತಿಯೂ, ಮರಿ ಹಾಕುವ ಶಕ್ತಿಯೂ ಕುಂದಬಹುದು. ಅದು ಯಾವ ಫೋಟೊದಲ್ಲೂ ಕಾಣುವುದಿಲ್ಲ.

"ಅದಕ್ಕೇ ಸೊಸೆಯರನ್ನು ತಂದರು," ಅಂದರು ಮೌಸಾ. 2024ರ ಕೊನೆಗೆ ಮಹಾರಾಷ್ಟ್ರದ ತಾಡೋಬಾದಿಂದ ಎರಡು ಹೆಣ್ಣು ಹುಲಿ ಬಂದವು. ಜಮುನಾ, ಜೀನತ್. ಜೀನತ್ ನಿಲ್ಲಲಿಲ್ಲ. ಜಾರ್ಖಂಡ್ ದಾಟಿ, ಪಶ್ಚಿಮ ಬಂಗಾಳ ಸೇರಿ, ಮೂರು ವಾರ ಅಲೆಯಿತು. ಡಿಸೆಂಬರ್ 29ರಂದು ಬಾಂಕುರಾದಲ್ಲಿ ಅರಿವಳಿಕೆ ಕೊಟ್ಟು ಹಿಡಿದು ವಾಪಸ್ ತಂದರು.

"ಹೊಸ ಮನೆ ಅಲ್ವಾ, ಹೆದರಿರಬೇಕು," ಅಂದರು. ಗಂಟಲು ಕಟ್ಟಿತ್ತು. ಆ ಮೂರು ವಾರ ಅವರ ಮನೆಯಲ್ಲಿ ದಿನಾ ಅದೇ ಮಾತಂತೆ, ಎಲ್ಲಿದೆ, ಏನಾದರೂ ತಿಂದಿದೆಯಾ ಅಂತ.

ಆಮೇಲೆ ನಮ್ಮ ಕಡೆಯ ಕಾಡಿನ ಬಗ್ಗೆ ಕೇಳಿದರು. ನಾಗರಹೊಳೆ, ಬಂಡೀಪುರ, ಮುದುಮಲೆ, ವಯನಾಡು ಒಂದಕ್ಕೊಂದು ಅಂಟಿಕೊಂಡಿವೆ, ಹುಲಿ ನಡೆದೇ ಹೋಗುತ್ತದೆ ಅಂದೆ.

ಮೌಸಾ ಮೊಬೈಲ್ ಜೇಬಿಗೆ ಹಾಕಿಕೊಂಡರು. "ಹಾಗಾದರೆ ನಿಮ್ಮ ಹುಲಿಗೆ ನೆಂಟರ ಮನೆ ಇದೆ," ಅಂದರು.