ಸೋಮ, ಬುಧ, ಶುಕ್ರ

ನಮ್ಮ ಮನೆಯಲ್ಲಿ ವಾರಕ್ಕೆ ಈಗ ಮೂರೇ ದಿನ. ಸೋಮ, ಬುಧ, ಶುಕ್ರ. ಮಿಕ್ಕವು ಇವುಗಳ ಸಂದಿಯಲ್ಲಿ ಹೇಗೋ ಬಂದು ಹೋಗುತ್ತವೆ. ಮನೆಯವರಿಗೆ ಡಯಾಲಿಸಿಸ್ ಶುರುವಾಗಿ ಎರಡು ವರ್ಷ ಎಂಟು ತಿಂಗಳಾಯಿತು. ಹನ್ನೊಂದಕ್ಕೆ ಮಷೀನಿಗೆ ಹಾಕಿದರೆ ಮೂರು ಗಂಟೆಗೆ ಬಿಡುತ್ತಾರೆ. ಆ ನಾಲ್ಕು ತಾಸು ನಾನು ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಕೂತಿರುತ್ತೇನೆ. ಬಿಪಿ ಇಳಿದರೆ ಕರೆಯುತ್ತಾರೆ, ಒಳಗೆ ಹೋಗಿ ಕಾಲು ತಿಕ್ಕುತ್ತೇನೆ.

ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಬೇಸಿಗೆಯಲ್ಲಿ ಮನೆಗೆ ಬಂದರೆ ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದರು. ಈಗ ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ಲೀಟರು. ಎಳನೀರು ಮುಟ್ಟುವ ಹಾಗಿಲ್ಲ, ಬಾಳೆಹಣ್ಣೂ ಇಲ್ಲ, ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಒಂದು ಐಸ್ ತುಂಡನ್ನು ಬಾಯಲ್ಲಿಟ್ಟುಕೊಂಡು ಅದು ಕರಗುವ ತನಕ ಕಣ್ಣು ಮುಚ್ಚಿ ಕೂತಿರುತ್ತಾರೆ. ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡು ಮೊದಮೊದಲು ನಾನು ಮಾತಾಡಿಸುತ್ತಿರಲಿಲ್ಲ.

ಎಡಗೈ ಮಣಿಕಟ್ಟಿನ ಮೇಲೆ ಫಿಸ್ಟುಲಾ ಮಾಡಿದ್ದರು. ಎರಡು ಬಗೆಯ ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿ ಹೊಲಿದ ಜಾಗ ಅದು, ಸೂಜಿ ಚುಚ್ಚುವುದು ಅಲ್ಲೇ. ಬೆರಳಿಟ್ಟರೆ ಒಳಗೆ ಜುಂ ಎನ್ನುತ್ತದೆ, ಬೆಂಕಿಪೆಟ್ಟಿಗೆಯಲ್ಲಿ ದುಂಬಿ ಹಿಡಿದಿಟ್ಟ ಹಾಗೆ. ಅದಕ್ಕೆ ‘ಥ್ರಿಲ್’ ಅನ್ನುತ್ತಾರೆ. ಅದು ನಿಂತರೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ದಿನಾ ರಾತ್ರಿ ಮಲಗುವ ಮುಂಚೆ ನಾನು ಮೂರು ಬೆರಳಿಟ್ಟು ನೋಡಬೇಕು. ನಿಜ ಹೇಳುತ್ತೇನೆ, ಮೊದಲ ಆರು ತಿಂಗಳು ಅದೊಂದೇ ನನ್ನ ಪ್ರಾರ್ಥನೆಯಾಗಿತ್ತು. ಮೊಣಕಾಲೂರಿ ‘ಕರ್ತನೇ’ ಎಂದರೆ ಮುಂದಿನ ಮಾತು ಹೊರಡುತ್ತಿರಲಿಲ್ಲ. ಇಪ್ಪತ್ತು ವರ್ಷ ಸ್ತ್ರೀಯರ ಕೂಟದಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದವಳು ನಾನು.

ಆ ದಿನಗಳಲ್ಲೇ ಒಂದು ರವಿವಾರ ಆರಾಧನೆ ಮುಗಿಸಿ ಮೆಟ್ಟಿಲಿಳಿಯುವಾಗ ಹಿರಿಯರೊಬ್ಬರು ಬೆನ್ನು ಸವರಿ, “ದೇವರು ನಮ್ಮ ಕೈಲೆ ಹೊರಾಕ ಆಗೂವಷ್ಟ ಭಾರ ಕೊಡ್ತಾನವಾ” ಅಂದರು. ಈ ಮಾತನ್ನು ನಾನೂ ಎಷ್ಟೋ ಮಂದಿಗೆ ಹೇಳಿದ್ದೇನೆ. ಅವತ್ತು ಮಾತ್ರ ಮೈ ಉರಿಯಿತು. ಮನೆಗೆ ಬಂದು ಬೈಬಲ್ ತೆಗೆದು ಹುಡುಕಿದೆ. ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಯವರಿಗೆ ಬರೆದ ಮೊದಲನೆಯ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಅಂಥದೊಂದು ಮಾತಿದೆ, ಆದರೆ ಅದು ಶೋಧನೆಯ ವಿಷಯ, ಅಂದರೆ ಪಾಪಕ್ಕೆ ಸೆಳೆಯುವ ಆಮಿಷದ ವಿಷಯ. ವಿಗ್ರಹಾರಾಧನೆ, ಜಾರತ್ವ, ಗುಣುಗುಟ್ಟುವುದು, ಇವುಗಳ ನಡುವೆ ಬರುವ ಮಾತು. ಅದೇ ಪೌಲ ಅದೇ ಊರಿನವರಿಗೆ ಎರಡನೆಯ ಪತ್ರ ಬರೆಯುವಾಗ ಮೊದಲ ಅಧ್ಯಾಯದಲ್ಲೇ ಹೇಳುವುದು ಬೇರೆ: ಆಸ್ಯ ಸೀಮೆಯಲ್ಲಿ ನಮಗೆ ಬಂದ ಸಂಕಟ ನಮ್ಮ ಬಲಕ್ಕೆ ಮೀರಿದ್ದು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು. ಏನು ಸಂಕಟ ಎಂದು ಬಿಡಿಸಿ ಹೇಳುವುದಿಲ್ಲ. ಹೇಳಿ ಮುಗಿಸಿ, ನೀವೂ ಪ್ರಾರ್ಥನೆಯಿಂದ ನಮಗೆ ಸಹಾಯ ಮಾಡಿ ಎನ್ನುತ್ತಾನೆ. ಕೊರಿಂಥದವರೇನು ಅವನ ಮಾತು ಕೇಳುವ ಸಾಧುಗಳೇ? ಅವನೊಂದಿಗೆ ಮುನಿಸಿಕೊಂಡವರು. ಅವರ ಮುಂದೆ ಹೋಗಿ ‘ನನ್ನ ಕೈಲಾಗಲಿಲ್ಲ’ ಅನ್ನುತ್ತಾನಲ್ಲ, ಆ ಸಾಲನ್ನು ನಾನು ಅವತ್ತು ನಾಲ್ಕು ಸಲ ಓದಿದೆ. ಹೊರಲಾಗದ ಭಾರವೂ ಇದೆ ಎಂದು ಬೈಬಲಿನಲ್ಲೇ ಇರುವುದು ಕಂಡು ಅಳು ಬಂತು.

ನೋಟ್‌ಬುಕ್ಕು ಶುರುವಾದದ್ದು ಆಮೇಲೆ. ತೂಕ, ಬಿಪಿ ಬರೆದಿಡುವ ನೋಟ್‌ಬುಕ್ಕೇ ಅದು. ಬೆಂಚಿನ ಮೇಲೆ ಹೊತ್ತು ಹೋಗದೆ ಹಿಂದಿನ ಪುಟದಿಂದ ಹೆಸರು ಬರೆಯತೊಡಗಿದೆ. ಬರೆದದ್ದನ್ನು ಒಂದೊಂದಾಗಿ ಮನಸ್ಸಿನಲ್ಲಿ ಹೇಳುವುದು, ಅಷ್ಟೇ. ನನ್ನ ಮನೆಯ ಸಂಗತಿಗೆ ಬಾಯಿ ಬಾರದಿದ್ದರೂ ಬೇರೆಯವರ ಹೆಸರು ಹೇಳುವುದಕ್ಕೆ ಬರುತ್ತಿತ್ತು. ವಾಟ್ಸಾಪಿನಲ್ಲಿ ‘ಪ್ರಾರ್ಥಿಸುತ್ತೇವೆ’ ಎಂದು ಕೈಮುಗಿದ ಚಿತ್ರ ಹಾಕಿ ಮರುಕ್ಷಣ ಮರೆತುಬಿಟ್ಟ ಮನೆಗಳು ಎಷ್ಟಿದ್ದವೋ, ಅವೆಲ್ಲ ಮೊದಲ ಪುಟಕ್ಕೇ ಬಂದವು. ಹಳೆಯ ಸಾಲ.

ಪಕ್ಕದ ಬೆಡ್ಡಿಗೆ ಬರುವ ನವಲಗುಂದದ ಅಜ್ಜ ತನ್ನ ಸರದಿಗೆ ಕಾಯುತ್ತ ಇದನ್ನು ನೋಡುತ್ತಿದ್ದ. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಬಸ್ ಟಿಕೆಟು.

“ದಿನಾ ಏನ್ ಬರೀತೀಯವಾ ತಂಗಿ?”

“ಪ್ರಾರ್ಥನಾಕ್ಕ ಹೆಸರು ಬರ್ಕೋತೀನ್ರಿ ಅಜ್ಜಾರ.”

“ಹಂಗಾರ ನಂದೂ ಬರ್ಕೋ. ನವಲಗುಂದ ಅಂತನೂ ಹಾಕು. ನಿಮ್ಮ ದೇವರಿಗೆ ನಮ್ಮ ಊರು ಗೊತ್ತೈತೋ ಇಲ್ಲೋ.”

ಹಾಕಿದೆ. ಮುಂದಿನ ಬುಧವಾರ ಒಬ್ಬ ಸಾಹೇಬರ ಹೆಂಡತಿ ಬಂದು ಮಗಳ ಹೆಸರು ಬರೆಸಿದಳು. ಆಮೇಲೆ ರಾತ್ರಿ ಪಾಳಿಯ ಟೆಕ್ನಿಶಿಯನ್ ಹುಡುಗ, ಅವನಿಗೆ ಮದುವೆಯ ಚಿಂತೆ.

ಹೋದ ವರ್ಷ ಏಪ್ರಿಲಿನಲ್ಲಿ ಒಂದು ರಾತ್ರಿ ಬೆರಳಿಟ್ಟರೆ ದುಂಬಿ ಇಲ್ಲ. ಕಿವಿಯಿಟ್ಟು ಕೇಳಿದೆ. ಇಲ್ಲ. ಅವರು ನನ್ನ ಮುಖ ನೋಡಿಯೇ ಎದ್ದು ಅಂಗಿ ಹಾಕಿಕೊಂಡರು. ಕತ್ತಿಗೆ ತಾತ್ಕಾಲಿಕ ನಳಿಕೆ ಹಾಕಿದರು, ಮೊಣಕೈ ಹತ್ತಿರ ಹೊಸ ಫಿಸ್ಟುಲಾ ಮಾಡಿದರು, ಅದು ಬಲಿಯುವುದಕ್ಕೆ ಎರಡು ತಿಂಗಳು. ನಡುವೆ ಸೋಂಕು, ಚಳಿಜ್ವರ. ಆಗ ನಮ್ಮ ಕೂಟದ ಹೆಂಗಸರು ಸರಪಳಿ ಪ್ರಾರ್ಥನೆ ಹಿಡಿದರು, ಒಬ್ಬೊಬ್ಬರಿಗೆ ಒಂದೊಂದು ತಾಸು. ಸರಪಳಿ ಪ್ರಾರ್ಥನೆ ಎಂದಾಗಲೆಲ್ಲ ನಮ್ಮ ಸಭಾಪಾಲಕರು ಜರ್ಮನಿಯ ಹೆರ್ನ್‌ಹುಟ್ ಊರಿನ ಕತೆ ತೆಗೆಯುತ್ತಾರೆ. 1727ರಲ್ಲಿ ಅಲ್ಲಿನ ಮೊರಾವಿಯನ್ ಎಂಬ ಕ್ರೈಸ್ತ ಸಭೆಯ 24 ಗಂಡಸರು, 24 ಹೆಂಗಸರು ತಾಸು ಹಂಚಿಕೊಂಡು ಪ್ರಾರ್ಥನೆಗೆ ಕೂತರಂತೆ, ಅದು ನೂರು ವರ್ಷ ನಡೆಯಿತಂತೆ. ನಮ್ಮದು ಮೂರನೆಯ ರಾತ್ರಿಯೇ ಕಡಿಯಿತು. ಮೂರರಿಂದ ನಾಲ್ಕರ ಪಾಳಿಯವಳು ಕುರ್ಚಿಯ ಮೇಲೆಯೇ ನಿದ್ದೆ ಹೋಗಿ, ಬೆಳಿಗ್ಗೆ ಅಳುತ್ತ ಫೋನ್ ಮಾಡಿದಳು. ನಾನು ನಕ್ಕೆ. ವಾರದ ಮೇಲೆ ನನಗೂ ಮೊದಲ ಸಲ ಕಣ್ಣು ಹತ್ತಿದ್ದು ಅದೇ ತಾಸಿನಲ್ಲಿ.

ಈಗ ಬರೆಯುವುದಕ್ಕೆ ಹಿಂಜರಿಯುವ ವಿಷಯ. ನನಗೂ ಸಕ್ಕರೆ ಕಾಯಿಲೆ ಇರುವುದರಿಂದ ನನ್ನ ಕಿಡ್ನಿ ಬೇಡವೆಂದರು. ಹಾಗಾಗಿ ಅಂಗಾಂಗ ದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಹಚ್ಚಿದ್ದೇವೆ. ಒಂದು ಕೂಟದಲ್ಲಿ ಅಕ್ಕನೊಬ್ಬಳು ಬಲು ಪ್ರೀತಿಯಿಂದ, “ಕರ್ತನೇ, ಬೇಗ ಒಂದು ಕಿಡ್ನಿ ಒದಗಿಸು” ಎಂದು ಪ್ರಾರ್ಥಿಸಿದಳು. ಎಲ್ಲರೂ ಆಮೆನ್ ಅಂದರು. ನನ್ನ ಬಾಯಿಂದ ಬರಲಿಲ್ಲ. ಮಿದುಳು ನಿಷ್ಕ್ರಿಯವಾದವರ ಮನೆಯವರು ಒಪ್ಪಿದರೆ ತಾನೆ ಈ ಪಟ್ಟಿಯವರಿಗೆ ಕಿಡ್ನಿ? ಹಾಗಾದರೆ ನಾವು ಕೇಳುತ್ತಿರುವುದು ಏನನ್ನು? ಈ ಹೊತ್ತು ಯಾವನೋ ಹುಡುಗ ಬೈಕ್ ಕಿಕ್ ಹೊಡೆದು ಮನೆಯಿಂದ ಹೊರಟಿದ್ದಾನೆ, ಅವನ ತಾಯಿ ಹೆಲ್ಮೆಟ್ ಹಾಕ್ಕೋ ಅನ್ನುತ್ತಿದ್ದಾಳೆ.

ರಾತ್ರಿ ಮನೆಯವರಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು.

“ಕಿಡ್ನಿ ಕೇಳಬ್ಯಾಡ,” ಅಂದರು. “ಆ ಮನಿಯವರ ಸಲುವಾಗಿ ಕೇಳು. ಯಾರ ಮನಿನೋ ಏನೋ.”

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟದ ಮೇಲೆ ‘ಆ ಮನೆ’ ಎಂದು ಬರೆದೇ ಮುಂದಿನ ಹೆಸರು.

ಕಳೆದ ತಿಂಗಳು ಗುರುವಾರ ರಾತ್ರಿ ಹನ್ನೊಂದೂಮುಕ್ಕಾಲಿಗೆ ಫೋನ್ ಬಂತು. ಒಂದು ಕಿಡ್ನಿ ಬರುತ್ತಿದೆ, ನೀವು ಎರಡನೆಯವರು, ಮೊದಲನೆಯವರಿಗೆ ಹೊಂದದಿದ್ದರೆ ನಿಮಗೆ, ಏನೂ ತಿನ್ನದೆ ಬನ್ನಿ. ತಂಗಿಯ ಮಗ ಕಾರು ತಂದ. ಕಿಡ್ನಿ ಹೊಂದುತ್ತದೋ ಇಲ್ಲವೋ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಗೆ ರಕ್ತ ಕೊಟ್ಟು ಕಾಯುತ್ತ ಕೂತೆವು. ಎದುರಿನ ಬೆಂಚಿನಲ್ಲಿ ಮೊದಲನೆಯವನು, ಇಪ್ಪತ್ತೈದು ದಾಟಿರದ ಹುಡುಗ, ಪಕ್ಕದಲ್ಲಿ ತಾಯಿ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಎರಡು ತಾಸು ನಾನು ಆ ಬೆರಳನ್ನೇ ನೋಡಿದೆ. ನೋಡುತ್ತ ನೋಡುತ್ತ ನನ್ನ ಮನಸ್ಸು ಏನು ಬೇಡಿಕೊಂಡಿತು ಗೊತ್ತೇ? ಆ ಹುಡುಗನ ಕ್ರಾಸ್‌ಮ್ಯಾಚ್ ಕೂಡದಿರಲಿ. ಅದೂ ಪ್ರಾರ್ಥನೆಯೇ. ಬಾಯಿ ಬಾರದ ನನಗೆ ಅದೊಂದು ಎಷ್ಟು ಸಲೀಸಾಗಿ ಬಂತು! ಚೀಲದಲ್ಲಿ ನೋಟ್‌ಬುಕ್ಕಿತ್ತು, ತೆಗೆಯುವ ಧೈರ್ಯ ಆಗಲಿಲ್ಲ.

ಮೂರೂವರೆಗೆ ನರ್ಸಮ್ಮ ಬಂದು ಹುಡುಗನ ಹೆಸರು ಕರೆದಳು. ಅವನ ತಾಯಿ ಎದ್ದು ಎರಡು ಹೆಜ್ಜೆ ಹೋದವಳು ತಿರುಗಿ ಬಂದು ನನ್ನ ಎರಡೂ ಕೈ ಹಿಡಿದಳು. ಆಕೆಯೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಅಂಗೈ ತಣ್ಣಗಿತ್ತು.

ಹೊರಗೆ ಬಂದರೆ ಚಹಾದಂಗಡಿಯವನು ಆಗಷ್ಟೇ ಒಲೆ ಹಚ್ಚಿದ್ದ. ಹಾಲು ಕಾಯುವ ತನಕ ಕಾರಿನ ಬಾನೆಟ್ಟಿನ ಮೇಲೆ ನೋಟ್‌ಬುಕ್ ಇಟ್ಟು ಆ ಹುಡುಗ, ಅವನವ್ವ ಎಂದು ಬರೆದೆ. ಮೇಲೆ ‘ಆ ಮನೆ’ ಎಂದು ಬರೆಯುವಾಗ ಕೈ ನಿಂತಿತು. ಇಷ್ಟು ದಿನ ಬರೆದದ್ದು ಮುಂದೆಂದೋ ಬರುವ ಮನೆ. ಇವತ್ತು ಅಂಥದೊಂದು ಮನೆಯಲ್ಲಿ ನಿಜವಾಗಿ ದೀಪ ಉರಿಯುತ್ತಿತ್ತು, ಜನ ಕೂಡಿದ್ದರು.

“ನನ್ನ ಹೆಸರು ಬರದೀಯೇನು?” ಮನೆಯವರು ಕೇಳಿದರು.

“ನೀವು ನೋಟ್‌ಬುಕ್ಕಿನ ಆ ಕಡೆ ಅದೀರಿ. ತೂಕ, ಬಿಪಿ.”

ನಕ್ಕರು. ಅರ್ಧ ಕಪ್ ಚಹಾ ಕೈಗೆ ಬಂತು. ಎತ್ತಿ ಎಷ್ಟಿದೆ ಎಂದು ನೋಡಿ, “ಅರವತ್ತು ಎಂಎಲ್. ಇವತ್ತಿನ ಲೆಕ್ಕದಾಗ ಹಿಡಿ” ಅಂದರು. ಆಗಲೇ ಶುಕ್ರವಾರ ಹುಟ್ಟಿತ್ತು. ಹನ್ನೊಂದಕ್ಕೆ ಮತ್ತೆ ಬರಬೇಕು.