ಮನೆಗೆ ಕಪಾಟು ಬಂತು

ಬೆಂಗಳೂರಿನ ನಾಗಸಂದ್ರದಲ್ಲಿರುವ ಐಕಿಯಾ ಪೀಠೋಪಕರಣ ಅಂಗಡಿಯಿಂದ ಕೊನೆಗೂ ‘ಬಿಲ್ಲಿ’ ಅನ್ನೋ ಹೆಸರಿನ ಪುಸ್ತಕದ ಕಪಾಟು ತಂದೆವು. 1979ರಿಂದ ಬರುತ್ತಿರುವ ಸಾದಾ ಮಾದರಿ. ಬಿಡಿ ಭಾಗಗಳು ತುಂಬಿದ ಡಬ್ಬ ಚಪ್ಪಟೆ, ಭಾರ ಮಾತ್ರ ಜಾಸ್ತಿ. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿದೆವು. ಅಪ್ಪ ಪುಟ್ಟ ಮರದ ಗೂಟಗಳನ್ನು ಒಂದೊಂದೇ ಎಣಿಸಿ ಸ್ಟೀಲ್ ಬಟ್ಟಲಿಗೆ ಹಾಕಿದರು. ಸೂಚನೆಯಲ್ಲಿ ಬರೀ ಚಿತ್ರ, ಅಕ್ಷರವೇ ಇಲ್ಲ. ಹಾಗಾಗಿ ಅಮ್ಮನೂ ಕೂತು ಹೇಳಿಕೊಟ್ಟರು.

ಊರಲ್ಲಿ ಬಡಗಿ ಮನೆ ಜಗಲಿಯಲ್ಲೇ ಕೂತು ಪೂರ್ತಿ ಮಾಡಿಕೊಡುತ್ತಿದ್ದರು. ಇಲ್ಲಿ ಸಾಗಿಸೋದು, ಜೋಡಿಸೋದು ನಮ್ಮ ಪಾಲು. ಬೆಲೆ ಕಡಿಮೆಯಾಗೋದು ಅದಕ್ಕೂ ಅಲ್ವಾ?

ತೇಗವಲ್ಲ, ಮರದ ಚೂರು ಒತ್ತಿ ಮಾಡಿದ ಹಲಗೆ. ನೀರು ಕುಡಿದರೆ ಉಬ್ಬುತ್ತದೆ, ನೆಲ ಒರೆಸುವಾಗ ಹುಷಾರು. ಗೋಡೆಗೆ ಬಿಗಿಯುವ ಪಟ್ಟಿಯನ್ನು ದಯವಿಟ್ಟು ಬಿಡಬೇಡಿ, ಮಕ್ಕಳು ಹತ್ತಿದರೆ ಕಪಾಟು ಮೈಮೇಲೆ ಬೀಳಬಹುದು. ಓನರ್ ಆಂಟಿಯನ್ನು ಕೇಳಿಯೇ ಗೋಡೆ ಕೊರೆದೆವು.

ಮೇಲಿನ ಅಂಕಣ ಅಪ್ಪನ ಪುಸ್ತಕಗಳಿಗೆ.