ಶ್ರಾವಣ ಶನಿವಾರದ ಚೊಂಬು

ಶ್ರಾವಣ ಬಂತೆಂದರೆ ನಮ್ಮ ಮನೆ ಅಟ್ಟದಿಂದ ಒಂದು ಹಿತ್ತಾಳೆ ಚೊಂಬು ಕೆಳಗಿಳಿಯುತ್ತಿತ್ತು. ಬಾಕಿ ಹನ್ನೊಂದು ತಿಂಗಳು ಅದಕ್ಕೇನೂ ಕೆಲಸವಿಲ್ಲ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ, ಹೊಟ್ಟೆ ಮೇಲೆ ಬಿಳಿ ನಾಮ ಎಳೆದು, ನಡುವೆ ಕುಂಕುಮದ ಗೆರೆ ಇಟ್ಟು, ಕತ್ತಿಗೆ ತುಳಸಿ ಸುತ್ತಿದರೆ ಮುಗೀತು, ಆಮೇಲೆ ಅದು ಚೊಂಬಲ್ಲ, ತಿಮ್ಮಪ್ಪ. ನೆಲಕ್ಕೆ ಇಡುವ ಹಾಗಿಲ್ಲ.

80ರ ದಶಕದ ಮಂಡ್ಯ. ಶನಿವಾರ ಬೆಳಗ್ಗೆ ಸ್ಕೂಲು, ಹನ್ನೊಂದೂವರೆಗೆಲ್ಲ ಮನೆ. ಬಂದ ಕೂಡಲೇ ಇನ್ನೊಂದು ಸ್ನಾನ, ಹಣೆಗೆ ನಾಮ, ಹೊಟ್ಟೆಗೆ ಏನೂ ಇಲ್ಲ. ಆ ಚೊಂಬು ಹಿಡಿದು ಮನೆಮನೆಯಲ್ಲಿ ಪಡಿ, ಅಂದರೆ ದೇವರ ಹೆಸರಿನಲ್ಲಿ ಅಕ್ಕಿ, ಬೇಡಿಕೊಂಡು ಬಂದ ಮೇಲೇನೇ ಊಟ. ಅಪ್ಪನಿಗೆ ಅವತ್ತು ಒಪ್ಪೊತ್ತು, ರಾತ್ರಿ ಬರೀ ಅವಲಕ್ಕಿ.

ನಾನು, ಅಣ್ಣ ಇಬ್ಬರೂ ಬೀದಿಗಿಳಿದು 'ವೆಂಕಟರಮಣಾ...' ಅಂತ ಅಣ್ಣ ಎಳೆದರೆ ನಾನು 'ಗೋವಿಂದಾ ಗೋವಿಂದ' ಅನ್ನಬೇಕು. ಮೊದಲ ಮನೆಯಲ್ಲಿ ದನಿಯೇ ಹೊರಡುತ್ತಿರಲಿಲ್ಲ. ಅಪ್ಪ ಸರ್ಕಾರಿ ಆಫೀಸಿನ ಗುಮಾಸ್ತ, ತಿಂಗಳಿಗೆ ಸಂಬಳ ಬರುತ್ತೆ, ನಾವ್ಯಾಕೆ ಬೇಡಬೇಕು? ಅಜ್ಜಿಯನ್ನು ಕೇಳಿದ್ದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸದೆ, 'ಆ ಸ್ವಾಮಿನೇ ಮದುವೆಗೆ ಅಂತ ಕುಬೇರನ ಹತ್ರ ಸಾಲ ಮಾಡ್ಕೊಂಡು ಇನ್ನೂ ಬಡ್ಡಿ ಕಟ್ತಾವ್ನೆ, ನಿಂದೇನು ದೊಡ್ಡಸ್ತಿಕೆ ಹೋಗೋ' ಅಂದಳು.

ಒಂದು ಸಲ ನನ್ನ ಕ್ಲಾಸಿನ ಹುಡುಗನ ಮನೆ ಮುಂದೆಯೇ ನಿಂತೆವು. ಅವನು ಕಿಟಕಿಯಲ್ಲಿ ಇಣುಕಿ ಹಲ್ಲು ಬಿಟ್ಟ. ಸೋಮವಾರದ ತನಕ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮುಂದಿನ ಶನಿವಾರ ನಮ್ಮ ಬಾಗಿಲಲ್ಲಿ 'ಗೋವಿಂದ' ಅಂತ ಕೇಳಿಸಿತು ಅಂತ ಹೋಗಿ ನೋಡಿದರೆ, ಹಣೆ ತುಂಬ ನಾಮ ಬಳಿದುಕೊಂಡು ಅದೇ ಮಹಾರಾಯ! ಅಮ್ಮ ಸೇರಿನಲ್ಲಿ ಅಕ್ಕಿ ತಂದು ನನ್ನ ಕೈಗೇ ಕೊಟ್ಟಳು. ನಾನು ಹಾಕಿದೆ. ಅವನು ಚೊಂಬು ನೋಡುತ್ತಿದ್ದ, ನಾನೂ ಚೊಂಬನ್ನೇ ನೋಡುತ್ತಿದ್ದೆ.

ಈಗಲೂ ಕಣ್ಣಿಗೆ ಕಟ್ಟಿರುವುದು ಆ ಅಕ್ಕಿ. ಮೊರಕ್ಕೆ ಸುರಿದರೆ ಒಂದೊಂದು ಮನೆಯದೂ ಬೇರೆ ಬೇರೆ ಗೊತ್ತಾಗುತ್ತಿತ್ತು. ಸಣ್ಣಕ್ಕಿ, ರೇಷನ್ನಿನ ದಪ್ಪ ಅಕ್ಕಿ, ಹಳ್ಳಿಯಿಂದ ಬಂದ ಕೆಂಪು ಗೆರೆಯ ಅಕ್ಕಿ, ಯಾರೋ ಗಡಿಬಿಡಿಯಲ್ಲಿ ಹಾಕಿದ ನುಚ್ಚು. ಅಮ್ಮ ಕಲ್ಲು ಆರಿಸುತ್ತಿದ್ದಳೇ ಹೊರತು ಅಕ್ಕಿಯನ್ನು ಬೇರೆ ಮಾಡುತ್ತಿರಲಿಲ್ಲ. ಎಲ್ಲ ಒಟ್ಟಿಗೆ ಹೆಸರುಬೇಳೆ, ಬೆಲ್ಲದ ಜೊತೆ ಪೊಂಗಲ್ ಆಗುತ್ತಿತ್ತು. ಸೀಮೆಎಣ್ಣೆ ಸ್ಟವ್ವಿನ ಮೇಲೆ ಸಣ್ಣಕ್ಕಿ ಕರಗಿಹೋದರೂ ದಪ್ಪಕ್ಕಿ ಇನ್ನೂ ಕಣ್ಣು ಬಿಟ್ಟುಕೊಂಡು ಕೂತಿರುತ್ತಿತ್ತು. ಎಷ್ಟು ಆರಿಸಿದರೂ ಒಂದು ಕಲ್ಲು ಹಲ್ಲಿಗೆ ಸಿಕ್ಕೇ ಸಿಗೋದು. ಅಂಥ ಪೊಂಗಲ್ಲಿನ ರುಚಿ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ, ಬಹುಶಃ ಹಸಿವಿನದೂ ಪಾಲಿರಬೇಕು.

ಕೊನೆ ಶನಿವಾರ ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟ. ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಕಪ್ಪು ಕಲ್ಲಿನ ಶ್ರೀನಿವಾಸನ ಮುಂದೆ ನಿಲ್ಲುವುದು. ನನಗೆ ಟೈಫಾಯ್ಡ್ ಆದಾಗ ಅಜ್ಜಿ ಅರಿಶಿನ ಬಟ್ಟೆಯಲ್ಲಿ ಕಟ್ಟಿಟ್ಟ ಮುಡುಪು ಅಲ್ಲೇ ಹುಂಡಿಗೆ ಬಿತ್ತು. ಬೆಟ್ಟದ ಬುಡದಲ್ಲಿ ಲೋಕಪಾವನಿ ಕಾವೇರಿ ಸೇರುವುದನ್ನು ತೋರಿಸಿ ಅಪ್ಪ ಏನೋ ಹೇಳುತ್ತಿದ್ದರು. ನನ್ನ ಗಮನವೆಲ್ಲ ಪುರಿ ಕಡಲೆ ಪೊಟ್ಟಣದ ಮೇಲೆ.

ಚೊಂಬು ಈಗ ಬೆಂಗಳೂರಿನಲ್ಲಿ ನನ್ನ ಮನೆಯಲ್ಲಿದೆ. ಹೋದ ವರ್ಷ ಸುಮ್ನೆ ಮಗಳ ಕೈಗೆ ಕೊಟ್ಟು, ಇದೇ ಫ್ಲೋರಲ್ಲಿ ಮೂರು ಮನೆ ಸಾಕು ಅಂದೆ. ಅವಳಿಗೆ ನನ್ನಷ್ಟು ನಾಚಿಕೆ ಇರಲಿಲ್ಲ, ಲಿಫ್ಟಿನ ಹತ್ತಿರ ನಿಂತೇ 'ಗೋವಿಂದಾ' ಅಂತ ಕೂಗಿದಳು. ಎದುರು ಮನೆಯ ಉತ್ತರದ ಕಡೆಯ ಆಂಟಿ ಗಾಬರಿಯಿಂದ ಬಾಗಿಲು ತೆಗೆದು, ಏನೂ ಅರ್ಥವಾಗದೆ ಐವತ್ತು ರೂಪಾಯಿ ನೋಟು ಹಾಕಲು ಬಂದರು. ದುಡ್ಡು ಬೇಡ, ಅಕ್ಕಿ ಅಂದೆ. ಒಳಗೆ ಹೋದವರು ಎರಡು ಕೈ ಬೊಗಸೆ ತುಂಬ ಬಾಸ್ಮತಿ ತಂದು, ತಲೆಗೆ ಸೆರಗು ಹೊದ್ದುಕೊಂಡು, ಚೊಂಬಿಗೆ ಸುರಿದು ನಮಸ್ಕಾರ ಮಾಡಿದರು.

ಅವತ್ತಿನ ಪೊಂಗಲ್ ಪಲಾವಿನ ಹಾಗೆ ಘಮಘಮ ಅಂತಿತ್ತು. ಅವರ ಮನೆಗೂ ಒಂದು ಡಬ್ಬಿ ಹೋಯಿತು.